ಗಿಡ ನೆಡಲು ಹೊರಟವರಿಗೆ, ಬಯಲಿನ ಬೇಟೆಹಕ್ಕಿಗಳ ಪರವಾಗಿ

ಪ್ರಿಯ ಗೆಳೆಯರೆ,

ಮುಂಗಾರಿನ ಮೊದಲ ಮಳೆಗೆ ನೆಲ ಹದಗೊಳ್ಳುತ್ತಿದ್ದಂತೆ ಸಸಿ ತುಂಬಿದ ಲಾರಿಗಳು ನಮ್ಮ ಬಯಲುಸೀಮೆಯತ್ತ ಹೊರಡುತ್ತವೆ. ಜೂನ್ 5ರ ಪರಿಸರ ದಿನದಿಂದ ಹಿಡಿದು ವನಮಹೋತ್ಸವ ಮುಗಿಯುವವರೆಗೆ ಶಾಲೆಯ ಮಕ್ಕಳು, ಕಾಲೇಜಿನ ಎನ್‌ಎಸ್‌ಎಸ್ ತಂಡಗಳು, ಬೆಂಗಳೂರಿನ ಕಂಪನಿಗಳ ಉದ್ಯೋಗಿಗಳು, ಮಠಗಳ ಭಕ್ತರು, ಅರಣ್ಯ ಇಲಾಖೆಯ ಸಿಬ್ಬಂದಿ ಎಲ್ಲರೂ ಗುದ್ದಲಿ ಹಿಡಿಯುತ್ತೀರಿ. ರಜೆಯ ದಿನವನ್ನು ಮಣ್ಣಿಗೆ ಕೊಡುವ ನಿಮ್ಮ ಬಗ್ಗೆ ನನಗೆ ಗೌರವವಿದೆ. ಈ ಪತ್ರ ಬರೆಯುತ್ತಿರುವುದೂ ಆ ಗೌರವದಿಂದಲೇ. ಕಾಡು ಕಡಿಯುವವರಿಗೆ ಬರೆದರೆ ಯಾರೂ ಓದುವುದಿಲ್ಲ. ನಿಮಗೆ ಬರೆದರೆ ನೀವು ಓದುತ್ತೀರಿ, ಯೋಚಿಸುತ್ತೀರಿ.

ಹೇಳಬೇಕಾದದ್ದು ಇಷ್ಟು. ಹುಲ್ಲಿನ ಬಯಲಿನಲ್ಲಿ ನೀವು ನೆಡುವ ಗಿಡಗಳಿಂದ ಅಲ್ಲಿನ ಬೇಟೆಹಕ್ಕಿಗಳು ಮನೆ ಕಳೆದುಕೊಳ್ಳುತ್ತಿವೆ. ಕೇಳಿದವರಿಗೆ ನಂಬಲು ಕಷ್ಟ. ಗಿಡ ನೆಟ್ಟರೆ ಹಕ್ಕಿಗೆ ಕೆಡುಕಾಗುವುದುಂಟೇ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಚಳಿಗಾಲದ ಒಂದು ಸಂಜೆ, ಐದು ಗಂಟೆ ದಾಟಿದ ಮೇಲೆ, ಕುರಿಗಳು ಹಟ್ಟಿಗೆ ತಿರುಗುವ ಹೊತ್ತಿಗೆ ನೀವು ಇಂಥ ಬಯಲಿನ ಅಂಚಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕರಡದ ಹುಲ್ಲು ಮೊಣಕಾಲೆತ್ತರಕ್ಕೆ ಒಣಗಿ ನಿಂತಿರುತ್ತದೆ. ಮೊದಲು ಒಂದೇ ಹಕ್ಕಿ ಕಾಣುತ್ತದೆ. ಉದ್ದನೆಯ ಕಿರಿದಾದ ರೆಕ್ಕೆ, ಉದ್ದ ಬಾಲ, ತೆಳ್ಳನೆಯ ಮೈ. ಹದ್ದಿನಂತೆ ಎತ್ತರದಲ್ಲಿ ಸುತ್ತುವುದಿಲ್ಲ. ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ತೇಲುತ್ತ ಹೋಗುತ್ತದೆ. ತಟ್ಟನೆ ಮೈ ತಿರುಗಿಸಿ ಹುಲ್ಲಿನೊಳಗೆ ಬಿದ್ದರೆ ಅಲ್ಲೊಂದು ಮಿಡತೆಯೋ ಇಲಿಯೋ ಸಿಕ್ಕಿತೆಂದು ಅರ್ಥ. ಇದು ಸೆಳೆವ. ಗಂಡು ಬೂದು ಬಣ್ಣದ್ದು. ಕಂದು ಬಣ್ಣದ ಹೆಣ್ಣಿಗೆ ಬಾಲದ ಬುಡದಲ್ಲಿ ಬಿಳಿಯ ಪಟ್ಟಿ. ಕತ್ತಲಾಗುತ್ತಿದ್ದಂತೆ ಎರಡನೆಯದು ಬರುತ್ತದೆ, ಆಮೇಲೆ ನಾಲ್ಕೈದು ಒಟ್ಟಿಗೆ, ಆಮೇಲೆ ಎಲ್ಲ ದಿಕ್ಕಿನಿಂದಲೂ. ಅವು ಯಾವ ಮರಕ್ಕೂ ಹೋಗುವುದಿಲ್ಲ. ಒಂದೊಂದಾಗಿ ಹುಲ್ಲಿನೊಳಗೆ ಇಳಿದು ನೆಲದ ಮೇಲೆಯೇ ಮಲಗುತ್ತವೆ.

ಹಗಲೆಲ್ಲ ಮೈಲಿಗಟ್ಟಲೆ ಹರಡಿ ಬೇಟೆಯಾಡುವ ಈ ಹಕ್ಕಿಗಳು ರಾತ್ರಿಗೆ ಒಂದೇ ಜಾಗದಲ್ಲಿ ಸೇರುತ್ತವೆ. ಆ ಜಾಗಕ್ಕೆ ಸುತ್ತಲೂ ಕಣ್ಣಿಗೆ ಅಡ್ಡವಿರಬಾರದು, ಹುಲ್ಲು ಮೈ ಮರೆಸುವಷ್ಟು ಎತ್ತರವಿರಬೇಕು. ಅಂಥ ತಂಗುದಾಣ ಎಲ್ಲೆಂದರಲ್ಲಿ ಸಿಗುವುದಿಲ್ಲ. ಅದನ್ನು ಕಳೆದುಕೊಂಡ ಹಕ್ಕಿಗೆ ಸುತ್ತಲಿನ ಹೊಲಗಳಲ್ಲಿ ಮಿಡತೆ ಎಷ್ಟಿದ್ದರೂ ಉಪಯೋಗವಿಲ್ಲ.

ಒಬ್ಬ ಕುರಿಗಾಹಿ ಅಜ್ಜನನ್ನು ಈ ಹಕ್ಕಿಗಳ ಬಗ್ಗೆ ಕೇಳಿದ್ದೆ. ಪುಸ್ತಕದ ಹೆಸರು ಅವರಿಗೆ ಬೇಕಿರಲಿಲ್ಲ, ಎಲ್ಲವೂ ಗಿಡಗವೇ. "ಸಂಜಿ ಆತಂದ್ರ ಅವು ಆ ತಗ್ಗಿನಾಗ ಇಳೀತಾವ್ರಿ. ಅದಕ್ಕ ನಾವು ಆ ಕಡಿ ನಾಯಿ ಬಿಡೂದಿಲ್ಲ, ಹಟ್ಟೀನೂ ಹಾಕೂದಿಲ್ಲ" ಅಂದರು. ಯಾರು ಹೇಳಿಕೊಟ್ಟರು ಎಂದರೆ, "ಹೇಳೂದೇನೈತ್ರಿ, ಅವೂ ದೂರದಿಂದ ಬರ್ತಾವ, ನಾವೂ ದೂರದಿಂದ ಬರ್ತೀವಿ" ಎಂದು ಕೋಲು ಊರಿ ನಡೆದರು.

ದೂರವೆಂದರೆ ಎಷ್ಟು ದೂರ? ನಮ್ಮಲ್ಲಿ ಚಳಿಗಾಲ ಕಳೆಯುವ ಸೆಳೆವಗಳು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ, ಕಝಕಿಸ್ತಾನದಂಥ ದೇಶಗಳಿಂದ ಬರುತ್ತವೆ. ಅಲ್ಲಿಯೂ ನೆಲದ ಮೇಲೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಹಿಮಾಲಯದ ಪಶ್ಚಿಮದ ಅಂಚನ್ನು ದಾಟಿ ಗುಜರಾತ್, ರಾಜಸ್ಥಾನ, ದಕ್ಖನ್ನಿನ ಬಯಲುಗಳಿಗೆ ಇಳಿದು, ಮಾರ್ಚ್ ಏಪ್ರಿಲ್‌ನಲ್ಲಿ ಹಿಂದಿರುಗುತ್ತವೆ. ಗುಜರಾತಿನ ವೇಳಾವದರ್‌ನ ಹುಲ್ಲುಗಾವಲಿನಲ್ಲಿ ಸೇರುವ ಸೆಳೆವಗಳ ಗುಂಪು ಜಗತ್ತಿನ ಅತಿ ದೊಡ್ಡ ಗುಂಪುಗಳಲ್ಲಿ ಒಂದು. ಆಂಧ್ರದ ರೋಳ್ಳಪಾಡಿನಲ್ಲೂ, ನಮ್ಮ ಹಗರಿಬೊಮ್ಮನಹಳ್ಳಿಯ ಬಳಿಯೂ ಇಂಥ ತಂಗುದಾಣಗಳಿದ್ದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಚಳಿಗಾಲದಿಂದ ಚಳಿಗಾಲಕ್ಕೆ ಸಂಜೆಹೊತ್ತು ಕುಳಿತು ಇವುಗಳನ್ನು ಎಣಿಸಿದ್ದಾರೆ. ಅವರು ಕಂಡದ್ದು ಕುಸಿತ. ಹುಲ್ಲಿನ ನೆಲ ಉಳುಮೆಗೆ ಹೋದದ್ದು, ಹೊಲಗಳಲ್ಲಿ ಕೀಟನಾಶಕ ಹೆಚ್ಚಿದ್ದು ಅದರ ಹಿಂದಿನ ಮುಖ್ಯ ಕಾರಣಗಳು. ಬಿಳಿಚು ಬೂದು ಬಣ್ಣದ ಒಂದು ಜಾತಿಯ ಸೆಳೆವ ಈಗಾಗಲೇ ಜಾಗತಿಕವಾಗಿ ಅಪಾಯದ ಅಂಚಿಗೆ ಬಂದ ಹಕ್ಕಿಗಳ ಪಟ್ಟಿಯಲ್ಲಿದೆ.

ಸೆಳೆವ ಒಂದೇ ಅಲ್ಲ. ಬಯಲಿನ ಮೇಲೆ ಗಾಳಿಗೆ ಎದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ, ಹಾವನ್ನೇ ಹೆಚ್ಚಾಗಿ ತಿನ್ನುವ ದೊಡ್ಡ ತಲೆಯ ಗಿಡುಗವಿದೆ. ಅದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಾಲುದಾರಿಯ ಪಕ್ಕದ ತಂತಿಯ ಮೇಲೆ ಕುಳಿತು ಕೆಂಪು ಕಣ್ಣಿನಿಂದ ನೆಲ ನೋಡುವ, ಬಿಳಿ ಹೊಟ್ಟೆ ಕಪ್ಪು ಹೆಗಲಿನ ಪುಟ್ಟ ಹದ್ದಿದೆ. ಇಲಿ ಹೆಚ್ಚಿದ ವರ್ಷ ಅದು ಸುತ್ತಲಿನ ಹೊಲಗಳಿಗೆಲ್ಲ ಬಂದು ಸೇರುತ್ತದೆ. ಚಳಿಗಾಲದಲ್ಲಿ ಬರುವ ಚಾಣವಿದೆ. ಬಂಡೆಗಳ ಸಂದಿಯಲ್ಲಿ ಮರಿ ಮಾಡಿ ಸಂಜೆಗೆ ಬಯಲಿಗಿಳಿಯುವ ಕೊಂಬಿನ ಗೂಬೆಯಿದೆ. ಇವೆಲ್ಲವೂ ತೆರೆದ ನೆಲದ ಬೇಟೆಗಾರರು. ಎತ್ತರದಿಂದಲೋ ಅತಿ ಹತ್ತಿರದಿಂದಲೋ ನೆಲ ಕಾಣಬೇಕು, ಕಂಡದ್ದರ ಮೇಲೆ ಎರಗಲು ಹಾದಿ ತೆರವಾಗಿರಬೇಕು. ಮಲೆನಾಡಿನ ಕಾಡುಗಳ ಗಿಡುಗಗಳು ಬೇರೆ, ಅವುಗಳ ಬೇಟೆಯ ರೀತಿಯೂ ಬೇರೆ.

ಈಗ ನಿಮ್ಮ ಸಸಿಗಳ ವಿಷಯಕ್ಕೆ ಬರುತ್ತೇನೆ.

ಗುಂಡಿ ತೋಡುವಾಗಲೇ ಹಾನಿ ಶುರುವಾಗುತ್ತದೆ. ದೊಡ್ಡ ಯೋಜನೆಗಳಲ್ಲಿ ಜೆಸಿಬಿ ತಂದು ಸಾಲು ಸಾಲಾಗಿ ಟ್ರೆಂಚ್ ಹೊಡೆಸುತ್ತಾರೆ. ನೂರಾರು ವರ್ಷ ಯಾರೂ ಉಳದೆ ಬಿಟ್ಟ ಮೇಲ್ಮಣ್ಣು ತಿರುವಿ ಬೀಳುತ್ತದೆ, ಹುಲ್ಲಿನ ಬೇರು ಹರಿಯುತ್ತದೆ, ನೆಲದ ಮೇಲೆ ಮೊಟ್ಟೆಯಿಡುವ ನೆಲಗುಬ್ಬಿ, ಗೌಜಲು, ಟಿಟ್ಟಿಭಗಳು ಜಾಗ ಬಿಡುತ್ತವೆ. ಆಮೇಲೆ ಸಸಿಗಳನ್ನು ದನ ತಿನ್ನಬಾರದೆಂದು ಬೇಲಿ. ಕುರಿ ದನ ಮೇಯದ ಕಡೆ ಹುಲ್ಲು ಒತ್ತಾಗಿ ಬೆಳೆದು, ಬೇಸಿಗೆಯಲ್ಲಿ ಬೆಂಕಿಗೆ ಮೇವಾಗುತ್ತದೆ. ಬದುಕುಳಿದ ಗಿಡಗಳು ಎತ್ತರವಾದಂತೆ ನೆರಳು ಬಿದ್ದು ಬಿಸಿಲಿಗೆ ಒಗ್ಗಿದ ಹುಲ್ಲು ಸಾಯುತ್ತದೆ. ಹುಲ್ಲು ಹೋದಲ್ಲಿ ಮಿಡತೆ ಹೋಗುತ್ತದೆ, ಓತಿಕ್ಯಾತ ಹೋಗುತ್ತದೆ. ಕೆಲವು ವರ್ಷ ಕಳೆದು ಬಂದು ನೋಡಿದರೆ ನಿಮಗೆ ಹಸಿರು ಕಾಣುತ್ತದೆ, ಸಂತೋಷವಾಗುತ್ತದೆ. ನವೆಂಬರ್‌ನಲ್ಲಿ ಕಝಕಿಸ್ತಾನದಿಂದ ಬಂದ ಹಕ್ಕಿಗೆ ಇಳಿಯಲು ಜಾಗ ಕಾಣುವುದಿಲ್ಲ.

ಇದು ಊಹೆಯ ಮಾತಲ್ಲ. ರಾಣೆಬೆನ್ನೂರಿಗೆ ಹೋಗಿ ನೋಡಬಹುದು. 1974ರಲ್ಲಿ ಅಲ್ಲಿ ಕೃಷ್ಣಮೃಗಗಳಿಗೆಂದು 119 ಚದರ ಕಿಲೋಮೀಟರ್ ಅಭಯಾರಣ್ಯ ಘೋಷಣೆಯಾಯಿತು. ಹುಲ್ಲು ಮತ್ತು ಕುರುಚಲಿನ ಆ ನೆಲದ ಬಹುಭಾಗಕ್ಕೆ ನೀಲಗಿರಿ ಬಂತು. ಕೃಷ್ಣಮೃಗವೆಂದರೆ ಓಡಿ ಬದುಕುವ ಪ್ರಾಣಿ, ತೆರೆದ ಬಯಲು ಬೇಕು. ಒಂದು ಕಾಲಕ್ಕೆ ಎರ್ಲಡ್ಡು ಹಕ್ಕಿ ಓಡಾಡುತ್ತಿದ್ದ ಸೀಮೆಯದು, ಇಂದು ಆ ಹಕ್ಕಿ ಅಲ್ಲಿಲ್ಲ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ ಅದು. ಬರಡು ನೆಲವನ್ನು ಹಸಿರು ಮಾಡುತ್ತೇವೆಂಬ ನಂಬಿಕೆಯಿಂದಲೇ ಮಾಡಿದ್ದು. 2017ರಲ್ಲಿ ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಆದರೆ ಪಾಠ ಅರ್ಧಕ್ಕೇ ನಿಂತಿತು ಎಂದು ನನಗನ್ನಿಸುತ್ತದೆ. ನೀಲಗಿರಿ ಬೇಡ, ಹೊಂಗೆ ಬೇವು ನೆಡೋಣ ಎಂದರೆ ಸಾಕೆಂದು ನಾವು ತಿಳಿದಿದ್ದೇವೆ. ಒತ್ತಾಗಿ ನೆಟ್ಟರೆ ಹೊಂಗೆಯ ನೆರಳಿಗೂ ಹುಲ್ಲು ಸಾಯುತ್ತದೆ.

ಬಯಲಿನಲ್ಲಿ ಮರವೇ ಇರಬಾರದೆಂದು ನಾನು ಹೇಳುತ್ತಿಲ್ಲ. ಅಲ್ಲೊಂದು ಬನ್ನಿ, ಇಲ್ಲೊಂದು ಜಾಲಿ, ಹಳ್ಳದ ಬದಿಗೆ ಈಚಲು, ಹೀಗೆ ತಾವಾಗಿ ಬೆಳೆದ ಒಂಟಿ ಮರಗಳು ಅಲ್ಲಿ ಯಾವತ್ತೂ ಇವೆ. ಕಂದು ಬಣ್ಣದ ದೊಡ್ಡ ಬಯಲುಗಿಡುಗ ಅಂಥ ಮುಳ್ಳಿನ ಮರದ ನೆತ್ತಿಯ ಮೇಲೆಯೇ ಕಡ್ಡಿ ಪೇರಿಸಿ ಗೂಡು ಕಟ್ಟುತ್ತದೆ. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ ನೆಲ ತನಗೆ ಎಷ್ಟು ಮರ ಬೇಕೆಂದು ತಾನೇ ತೀರ್ಮಾನಿಸಿಕೊಂಡಿದೆ. ಆ ತೀರ್ಮಾನವನ್ನು ನಾವು ಗೌರವಿಸಬೇಕು.

ಮರವಿದ್ದರೆ ತಾನೇ ಇಂಗಾಲ ಹೀರುವುದು, ಹುಲ್ಲಿನಿಂದೇನು ಎಂದು ನಿಮ್ಮಲ್ಲಿ ಓದಿಕೊಂಡವರು ಕೇಳಬಹುದು. ಹುಲ್ಲುಗಾವಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ ಇಡುತ್ತದೆ. ಬೇಸಿಗೆಯ ಬೆಂಕಿ ಮೇಲಿನ ಹುಲ್ಲನ್ನು ಸುಟ್ಟರೂ ಕೆಳಗಿನದು ಉಳಿಯುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಮಣ್ಣನ್ನು ಕೆದಕಿದಾಗಲೇ ಆ ಉಳಿತಾಯ ಕರಗುವುದು.

ರೈತರ ಮಾತನ್ನೂ ಸೇರಿಸಬೇಕು. ದಕ್ಖನ್ನಿನಲ್ಲಿ ಸೆಳೆವಗಳ ಚಳಿಗಾಲದ ಮುಖ್ಯ ಆಹಾರ ಮಿಡತೆ. ಜೋಳ, ಕಡಲೆ ನಿಂತಿರುವ ತಿಂಗಳುಗಳಲ್ಲೇ ಅವು ಇಲ್ಲಿರುತ್ತವೆ. ಹೊಲದ ಬದುವಿನಲ್ಲಿ ಇಲಿ ಹಿಡಿಯುವ ಹದ್ದು ಗೂಬೆಗಳಿಗೆ ಯಾರೂ ಕೂಲಿ ಕೊಡುವುದಿಲ್ಲ. ಕೋಳಿಮರಿ ಎತ್ತಿಕೊಂಡು ಹೋಗುತ್ತವೆಂದು ಬೇಟೆಹಕ್ಕಿಗಳ ಮೇಲೆ ಕಲ್ಲೆಸೆಯುವ ಊರುಗಳಿವೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಬಡವರಿಗೆ ಒಂದು ಕೋಳಿಯೂ ದೊಡ್ಡದೇ. ಆದರೆ ಕೋಳಿಗೆ ಎರಗುವುದು ಮನೆಗಳ ಹತ್ತಿರವೇ ಬದುಕುವ ಒಂದೆರಡು ಜಾತಿ. ಹುಲ್ಲಿನ ಮೇಲೆ ತೇಲುವ ಸೆಳೆವಕ್ಕೆ ನಿಮ್ಮ ಅಂಗಳದ ಗೊಡವೆಯಿಲ್ಲ. ಕಲ್ಲಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಮಕ್ಕಳಿಗೆ ನಾವು ತಿಳಿಸಬೇಕು.

ಗಾಳಿಯಂತ್ರಗಳ ಬಗ್ಗೆಯೂ ಒಂದು ಮಾತು, ಅದೂ ಹಸಿರಿನ ಹೆಸರಿನಲ್ಲೇ ಬರುವುದರಿಂದ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆಯಾಗಿದ್ದವು, ಅವುಗಳ ಹೆದರಿಕೆ ಇಲ್ಲದೆ ಹಲ್ಲಿಗಳು ಹೆಚ್ಚಾಗಿದ್ದವು. ಮೇಲಿನ ಬೇಟೆಗಾರ ಹೋದರೆ ಕೆಳಗಿನ ಲೆಕ್ಕವೆಲ್ಲ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೂ ಈಗ ರೆಕ್ಕೆಗಳು ತಿರುಗುತ್ತಿವೆ. ವಿದ್ಯುತ್ತು ಬೇಕು, ನಿಜ. ಎಲ್ಲಿ ನಿಲ್ಲಿಸಬೇಕೆಂದು ಕೇಳುವ ಹಕ್ಕು ನಮಗಿದೆ.

ಉಳಿಸಿಕೊಂಡ ಬಯಲುಗಳೂ ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಮೀಸಲು. ಚಳಿಗಾಲದಲ್ಲಿ ಅಲ್ಲಿ ಸೆಳೆವಗಳು ಬರುತ್ತವೆ, ಹಾವು ಹಿಡಿಯುವ ಗಿಡುಗ ಕಾಣಿಸುತ್ತದೆ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ ಹುಲ್ಲುಗಾವಲಿಗೆ ಇನ್ನೂ ಕಠಿಣವಾದ ಹಾದಿಯಿತ್ತು. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಜನ ಬಿಡಲಿಲ್ಲ, ಹೈಕೋರ್ಟಿಗೆ ಹೋದರು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,000ಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ಕೊಟ್ಟಿತು. ಆ ಬಯಲಿನ ಪರವಾಗಿ ಅರ್ಜಿ ಬರೆದು, ಹಕ್ಕಿಗಳ ದಾಖಲೆ ಕೂಡಿಸಿ ನಿಂತವರಲ್ಲಿ ನಿಮ್ಮಂಥ ಭಾನುವಾರದ ಪರಿಸರಪ್ರಿಯರೇ ಹೆಚ್ಚು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ. ಗಿಡ ನೆಡುವುದನ್ನು ಬಿಡಬೇಡಿ, ಜಾಗ ಬದಲಿಸಿ. ರಸ್ತೆಯಗಲೀಕರಣಕ್ಕೆ ಸಾಲುಮರ ಕಳೆದುಕೊಂಡ ಹೆದ್ದಾರಿಗಳಿವೆ, ನೆರಳಿಲ್ಲದ ಶಾಲೆಯ ಅಂಗಳಗಳಿವೆ, ಬೋಳಾದ ಹೊಲದ ಬದುಗಳಿವೆ, ಬಸ್ ನಿಲ್ದಾಣ, ಸಂತೆ ಮೈದಾನಗಳಿವೆ. ಅಲ್ಲಿ ನೆಟ್ಟ ಒಂದೊಂದು ಗಿಡವೂ ಪುಣ್ಯದ್ದೇ. ಗೋಮಾಳ, ಗಾಯರಾಣ, ಕಾವಲು ಎಂದು ಕರೆಯುವ ಹುಲ್ಲಿನ ನೆಲಕ್ಕೆ ಮಾತ್ರ ಸಸಿ ತರಬೇಡಿ. ಪಹಣಿಯಲ್ಲಿ ಖರಾಬು ಎಂದಿದ್ದರೆ ನಂಬಬೇಡಿ, ಅಲ್ಲಿ ಕುರಿ ಕಾಯುವವರನ್ನು ಕೇಳಿ. ಏನಾದರೂ ಮಾಡಲೇಬೇಕೆನಿಸಿದರೆ ಬಳ್ಳಾರಿ ಜಾಲಿ ನುಗ್ಗಿ ಹುಲ್ಲನ್ನು ನುಂಗುತ್ತಿರುವ ಕಡೆ, ಊರವರನ್ನು ಕೇಳಿಕೊಂಡು ಅದನ್ನು ಬುಡಸಮೇತ ಕೀಳಿ. ಗುದ್ದಲಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.

ಅರಣ್ಯ ಇಲಾಖೆಯ ಗೆಳೆಯರಿಗೆ ಇನ್ನೊಂದು ಕೋರಿಕೆ. ನೆಟ್ಟ ಸಸಿಗಳ ಸಂಖ್ಯೆಯಲ್ಲಿ ಗುರಿ ಕೊಡುವ ಪದ್ಧತಿ ಇರುವವರೆಗೆ ಖಾಲಿ ಕಂಡ ಬಯಲಿಗೆಲ್ಲ ಸಸಿ ಹೋಗುತ್ತಲೇ ಇರುತ್ತದೆ. ಉಳಿಸಿದ ಹುಲ್ಲುಗಾವಲಿನ ಎಕರೆಗಳನ್ನೂ ನಿಮ್ಮ ವಾರ್ಷಿಕ ಸಾಧನೆಯಲ್ಲಿ ಬರೆಯುವಂತಾಗಲಿ. ಸೆಳೆವಗಳು ತಂಗುವ ಜಾಗಗಳನ್ನು ಗುರುತಿಸಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬೆಂಕಿ, ಜೆಸಿಬಿ, ರಾತ್ರಿಯ ವಾಹನ ಬರದಂತೆ ನೋಡಿಕೊಳ್ಳಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಮುಂದಿನ ಜೂನ್‌ಗೆ ಇನ್ನೂ ಸಮಯವಿದೆ. ಜಾಗ ಗೊತ್ತುಮಾಡುವ ಸಭೆ ನಡೆಯುವಾಗ ದಯವಿಟ್ಟು ಈ ಪತ್ರವನ್ನು ಅಲ್ಲಿ ಓದಿಸಿ.

ನಿಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಓದುಗ