ಗೃಹಚಾರ್ಜರ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯ, ವಿದ್ಯುತ್ ಕಾರನ್ನು ಮನೆಯಲ್ಲೇ ಚಾರ್ಜಿಗೆ ಹಾಕುವುದು. ಪ್ರಯೋಜನ, ಬೆಳಿಗ್ಗೆ ಅದು ಹೊರಡುವುದು. ಸಂಬಂಧ ಕೇಬಲ್ಲಿನ ಉದ್ದದಷ್ಟು. ಅದಕ್ಕೂ ಹೆಚ್ಚಿನ ಸಂಬಂಧ ಬಯಸಿ ಎಕ್ಸ್‌ಟೆನ್ಷನ್ ಬಾಕ್ಸಿನ ಮೊರೆಹೊಕ್ಕವರ ಗತಿಯನ್ನು ಮುಂದೆ ಹೇಳಲಾಗುವುದು. ಕಗ್ಗಂಟಿರುವುದು ಅಧಿಕಾರಿಯಲ್ಲಿ. ವೇದಾಂತಕ್ಕಾದರೆ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಇದ್ದರೆ ಸಾಕು. ಇಲ್ಲಿ ಅವು ಯಾವುವೂ ಬೇಡ, ಸ್ವಂತ ಪಾರ್ಕಿಂಗ್ ಬೇಕು. ಅದೂ ಸೇಲ್ ಡೀಡಿನಲ್ಲಿ ನಮೂದಾದ, ಪಿಲ್ಲರಿನ ಮೇಲೆ ಫ್ಲಾಟ್ ನಂಬರ್ ಬರೆದ ಪಾರ್ಕಿಂಗ್. ಚರಂಡಿ ಕಲ್ಲಿನ ಮೇಲೆ ಎರಡು ಚಕ್ರ ಹತ್ತಿಸಿ ಬೀದಿಯಲ್ಲೇ ಕಾರು ನಿಲ್ಲಿಸುವ ಬೆಂಗಳೂರಿಗರು ಎಷ್ಟೇ ಸಾತ್ವಿಕರಾಗಿದ್ದರೂ ಅನಧಿಕಾರಿಗಳು. ಮೊದಲ ಮಹಡಿಯ ಕಿಟಕಿಯಿಂದ, ಒಣಗಲು ಹಾಕಿದ ಪಂಚೆಯ ಪಕ್ಕದಲ್ಲಿ, ವೈರು ಇಳಿಬಿಟ್ಟು ಚಾರ್ಜು ಮಾಡುವವರೂ ಇದ್ದಾರೆ. ಅದು ವಾಮಾಚಾರವಾದ್ದರಿಂದ ಇಲ್ಲಿ ವಿವರಿಸಿಲ್ಲ.

ಪ್ರಾಚೀನತೆ ಸಾಧಿಸದೆ ಯಾವ ಶಾಸ್ತ್ರಕ್ಕೂ ಮರ್ಯಾದೆಯಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಬೆಂಗಳೂರಿನವರ ಮುಖ ಕೂಡ ನೋಡದೆ ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕರೆಂಟು ಮೊದಲು ಚಿನ್ನವಿದ್ದಲ್ಲಿಗೆ ಹೋಗುತ್ತದೆ, ಮಿಕ್ಕವರನ್ನು ಆಮೇಲೆ ವಿಚಾರಿಸಿಕೊಳ್ಳುತ್ತದೆ ಎಂಬ ಮೂಲಸೂತ್ರ ಅಂದೇ ಸಿದ್ಧವಾಗಿತ್ತು. ಸೂತ್ರಕ್ಕೆ ಮೊದಲ ಭಾಷ್ಯ 2001ರ ರೇವಾ ಕಾರು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಲಂಡನ್ನಿಗೆ ಹೋಗಿ ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡ ಆ ಪುಟ್ಟ ಕಾರು ಸೀಸ-ಆಮ್ಲದ ಬ್ಯಾಟರಿ ಹೊತ್ತು, ಗೀಸರಿನ ಪ್ಲಗ್ಗಿನಂಥದೇ ಹದಿನೈದು ಆಂಪ್ ಪ್ಲಗ್ಗಿನಲ್ಲಿ ಉಂಡು ಬದುಕಿತು. ಡಬ್ಬಿ ಗಿಬ್ಬಿ ಏನನ್ನೂ ಕೇಳಲಿಲ್ಲ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಅದು ಸರ್ಕಾರಿ ಭಾಷ್ಯವಾದ್ದರಿಂದ ಟೀಕೆ ಬೇಡ.

ಇನ್ನು ಮತಭೇದ. ಸಾಕೆಟ್ಟುವಾದಿಗಳು ಗೋಡೆಯ 16 ಆಂಪ್ ಸಾಕೆಟ್ಟೇ ಪರತತ್ತ್ವ ಎನ್ನುತ್ತಾರೆ. ಅದರಿಂದ ಗಂಟೆಗೆ ಸುಮಾರು 3 ಯೂನಿಟ್ ಕಾರಿಗೆ ಇಳಿಯುತ್ತದೆ. ಡಬ್ಬಿವಾದಿಗಳ ಪ್ರಕಾರ ಗೋಡೆಗೆ ಬಡಿದು ಕೂರಿಸಿದ 7.2 ಕಿಲೋವ್ಯಾಟಿನ ಪೆಟ್ಟಿಗೆಯಿಲ್ಲದೆ ಮುಕ್ತಿಯಿಲ್ಲ. 11, 22 ಕಿಲೋವ್ಯಾಟ್ ಎಂದು ಮಾತಾಡುವ ತ್ರಿಫೇಸ್ ಪಂಥವೂ ಒಂದಿದೆ. ಆ ಪಂಥದವರ ಮನೆಯೊಳಗೇ ಲಿಫ್ಟ್ ಇರುತ್ತದೆ. ನಮಗೂ ಅವರಿಗೂ ವಾದಕ್ಕೆ ಬೇಕಾದ ಸಮಾನ ನೆಲೆಯಿಲ್ಲ.

ಡಬ್ಬಿವಾದಿಗಳ ಪೂರ್ವಪಕ್ಷ: ಡಬ್ಬಿ ದೊಡ್ಡದಾದಷ್ಟೂ ಕಾರು ಬೇಗ ತುಂಬುತ್ತದೆ. ಇದು ಶುದ್ಧ ಅವಿದ್ಯೆ. ಗೋಡೆಯ ಡಬ್ಬಿ ಯಾವ ಬ್ಯಾಟರಿಯನ್ನೂ ಚಾರ್ಜ್ ಮಾಡುವುದಿಲ್ಲ. ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ಉಣಿಸುವ ಯಂತ್ರ ಕಾರಿನ ಹೊಟ್ಟೆಯಲ್ಲೇ ಇದೆ. ಗೋಡೆಯಲ್ಲಿರುವುದು ಜಯವಿಜಯರ ಕುಲದ್ದು, ಬಾಗಿಲು ಕಾಯುವಂಥದ್ದು. ಕೇಬಲ್ಲಿನ ತುದಿಯ ಗನ್ನನ್ನು ಕಾರಿಗೆ ಸಿಕ್ಕಿಸಿದ ಕೂಡಲೇ ಒಂದು ಸಣ್ಣ ವೈರಿನಲ್ಲಿ ಇಬ್ಬರಿಗೂ ಸಂವಾದ ಶುರುವಾಗುತ್ತದೆ. ಡಬ್ಬಿ 12 ವೋಲ್ಟ್ ಹಿಡಿದು ಕಾದಿರುತ್ತದೆ. ಕಾರು ಅದನ್ನು 9ಕ್ಕೆ ಇಳಿಸಿದರೆ ‘ಬಂದಿದ್ದೇನೆ’ ಎಂದರ್ಥ. ಆಗ ಡಬ್ಬಿ ಸೆಕೆಂಡಿಗೆ ಸಾವಿರ ಸಲ ಮಿಡಿಯುತ್ತ, ಮಿಡಿತದ ಅಗಲದಿಂದಲೇ ‘ಇಷ್ಟು ಆಂಪ್ ಮೀರಬೇಡ’ ಎಂದು ತಾಕೀತು ಮಾಡುತ್ತದೆ. ಕಾರು 6 ವೋಲ್ಟಿಗೆ ಇಳಿಸಿದರೆ ‘ಬಡಿಸಿ’ ಎಂದರ್ಥ. ಡಬ್ಬಿಯೊಳಗೆ ಟಕ್ ಎಂದು ಸ್ವಿಚ್ಚು ಕೂರುತ್ತದೆ. ಸಂವಾದ ಮುಗಿಯಿತು. ಮದುವೆ ಮಾತುಕತೆಗಳು ಇಷ್ಟು ಚೊಕ್ಕವಾಗಿ ಮುಗಿದಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಡಬ್ಬಿ ಕೊಳ್ಳುವ ಮುನ್ನ ವಿಚಾರಿಸಬೇಕಾದ್ದು ಕಾರಿನ ಒಳಗಿನ ಚಾರ್ಜರನ್ನು. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇ.ವಿ.ಯ ಬ್ಯಾಟರಿ 30.2 ಯೂನಿಟ್ಟಿನದು, ಒಳಗಿನ ಚಾರ್ಜರ್ 3.3 ಕಿಲೋವ್ಯಾಟಿನದು. ಅದರ ಮುಂದೆ 22ರ ಡಬ್ಬಿ ತಂದಿಟ್ಟು ಆರತಿ ಎತ್ತಿದರೂ ಅದು ಎಳೆಯುವುದು 3.3ನ್ನೇ, ಬರಿದಾದ ಬ್ಯಾಟರಿ ತುಂಬಲು ಒಂಬತ್ತು ಗಂಟೆಗೂ ಮೇಲೆ. ಇಲ್ಲಿ ಸಾಕೆಟ್ಟುವಾದಿಗಳು ಚಪ್ಪಾಳೆ ತಟ್ಟುವುದು ಸಹಜ. ದಿನಕ್ಕೆ 40 ಕಿಲೋಮೀಟರ್ ಓಡಾಡುವವನಿಗೆ ಬೇಕಾದ್ದು ಆರೇಳು ಯೂನಿಟ್, ಅಷ್ಟನ್ನು ಸಾಕೆಟ್ಟು ಎರಡು ಚಿಲ್ಲರೆ ಗಂಟೆಯಲ್ಲಿ ಕೊಡುತ್ತದೆ. ಸಿಲ್ಕ್ ಬೋರ್ಡ್ ಮೇಲೆ ಹಾಯ್ದು ಅಷ್ಟು ದೂರ ಓಡಲು ಬೇಕಾದ ಹೊತ್ತಿಗಿಂತ ಇದು ಕಡಿಮೆ.

ಚಪ್ಪಾಳೆ ನಿಲ್ಲಲಿ. ಗೀಸರ್ ಹದಿನೈದು ನಿಮಿಷ ಎಳೆದು ಸುಮ್ಮನಾಗುತ್ತದೆ. ಕಾರು ರಾತ್ರಿಯಿಡೀ ಒಂದೇ ಸಮನೆ ಎಳೆಯುತ್ತದೆ. ಸಾಕೆಟ್ಟಿನೊಳಗೆ ಒಂದು ಸ್ಕ್ರೂ ಸಡಿಲವಿದ್ದರೂ ಸಾಕು. ಇಲ್ಲಿ ಪ್ರತ್ಯಕ್ಷ ಪ್ರಮಾಣವೆಂದರೆ, ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಬೆನ್ನು ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ಸರಿ. ಕೈ ಸೆಳೆದುಕೊಳ್ಳುವಂತಿದ್ದರೆ ಆ ರಾತ್ರಿಯ ಚಾರ್ಜು ಅಲ್ಲಿಗೆ ಸಾಕು. ಸಾಕೆಟ್ಟಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದಿ, ಹಪ್ಪಳದಂತೆ ಉಬ್ಬಿದ್ದರೆ ಅದು ಇನ್ನೂ ಮುಂದಿನ ಅವಸ್ಥೆ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ಉದಾಹರಣೆಗೆ ದೂರದ ಬೆಟ್ಟವೇ ಏಕೆ ಬೇಕಿತ್ತೋ ತಿಳಿಯದು. ಎಕ್ಸ್‌ಟೆನ್ಷನ್ ಬಾಕ್ಸು ಹತ್ತಿರವಿತ್ತು. ಮೀಟರ್ ಬೋರ್ಡಿನಿಂದಲೇ ಬೇರೆ ಲೈನು ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಒಂದು ಎಂಸಿಬಿ ಹಾಕಿಸಿದವನು ಸಾಕೆಟ್ಟುವಾದಿಯಾಗಿದ್ದರೂ ಸದ್ಗತಿ ಪಡೆಯುತ್ತಾನೆ. ಡಬ್ಬಿವಾದಿಗೆ 6 ಸ್ಕ್ವೇರ್ ಎಂಎಂಗೆ ಕಡಿಮೆಯಿಲ್ಲದ ವೈರು ಬೇಕು, ಜೊತೆಗೆ ಬೆಸ್ಕಾಂ ದರ್ಶನ. ಮನೆಯ ಮಂಜೂರಾದ ಲೋಡು 3 ಕಿಲೋವ್ಯಾಟ್ ಇಟ್ಟುಕೊಂಡು 7.2ರ ಡಬ್ಬಿ ಹಾಕಿಸುವುದು ಪಾವಿನಲ್ಲಿ ಸೇರು ಅಳೆಯುವ ಸಾಹಸ.

ಇಷ್ಟೆಲ್ಲ ಬಾಹ್ಯಾಚಾರ. ಶಾಸ್ತ್ರದ ಗರ್ಭಗುಡಿಯಲ್ಲಿರುವುದು ಅರ್ಥಿಂಗ್. ಆಯ್ಕೆ ಮಾಡುವವರು ಡಬ್ಬಿಯ ಬಣ್ಣ, ಆ್ಯಪು, ವೈಫೈ ಎಲ್ಲ ನೋಡುತ್ತಾರೆ, ನೆಲವನ್ನು ನೋಡುವುದಿಲ್ಲ. ಹೊಸ ಡಬ್ಬಿ ಕೂರಿಸಿದ ದಿನ ಸಾಮಾನ್ಯವಾಗಿ ಕೆಂಪು ದೀಪ ಮಿಟುಕುತ್ತದೆ. ಎಲೆಕ್ಟ್ರಿಷಿಯನ್ ಮೀಟರಿನ ಎರಡು ಕಡ್ಡಿ ಚುಚ್ಚಿ ನೋಡುತ್ತಾನೆ. ಫೇಸಿಗೂ ನ್ಯೂಟ್ರಲಿಗೂ 230. ಫೇಸಿಗೂ ಅರ್ಥಿಗೂ ಇಟ್ಟರೆ ಅಂಕಿ ನಿಲ್ಲದೆ ಹೊಯ್ದಾಡುತ್ತದೆ. ‘ಸಾರ್, ನಿಮ್ಮ ಬಿಲ್ಡಿಂಗಿಗೆ ಅರ್ಥೇ ಇಲ್ಲ ಸಾರ್’ ಎನ್ನುತ್ತಾನೆ. ಇಲ್ಲದಿರುವುದನ್ನು ತಿಳಿಸುವ ಪ್ರಮಾಣಕ್ಕೆ ಮೀಮಾಂಸಕರು ಅನುಪಲಬ್ಧಿ ಎನ್ನುತ್ತಾರೆ. ಹತ್ತು ವರ್ಷ ಅದೇ ಬಿಲ್ಡಿಂಗಿನಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲ ನಡೆದಿವೆಯಲ್ಲ ಎಂದರೆ, ಅವಕ್ಕೆ ಕೇಳುವ ಬುದ್ಧಿ ಇರಲಿಲ್ಲ, ಇದಕ್ಕೆ ಇದೆ. ನೆಲವಿಲ್ಲದೆ ಬಡಿಸುವುದಿಲ್ಲ ಎನ್ನುವುದು ಡಬ್ಬಿಯ ಏಕೈಕ ನೈಜ ಸದ್ಗುಣ.

ಈ ಘಟ್ಟದಲ್ಲಿ ಎಲೆಕ್ಟ್ರಿಷಿಯನ್ ದನಿ ತಗ್ಗಿಸಿ ಒಂದು ಉಪಾಯ ಹೇಳುತ್ತಾನೆ: ‘ನ್ಯೂಟ್ರಲ್‌ನಿಂದ ಒಂದು ತುಂಡು ವೈರು ಅರ್ಥ್ ಪಿನ್ನಿಗೆ ಲೂಪ್ ಕೊಟ್ಟುಬಿಡ್ಲಾ ಸಾರ್? ಹಸಿರು ದೀಪ ಬಂದ್ಬಿಡುತ್ತೆ.’ ಬರುತ್ತದೆ, ನಿಜ. ಇದನ್ನೇ ಅಧ್ಯಾಸವೆನ್ನುವುದು: ಒಂದರ ಮೇಲೆ ಇನ್ನೊಂದರ ಆರೋಪ. ಹಗ್ಗದ ಮೇಲೆ ಹಾವನ್ನು ಕಂಡವನು ಬೆಚ್ಚುತ್ತಾನೆ, ಅಷ್ಟೇ ನಷ್ಟ. ನ್ಯೂಟ್ರಲನ್ನು ಅರ್ಥ್ ಎಂದು ಬಗೆದವನದು ವಿಪರೀತ ಪ್ರಸಂಗ. ಅವನು ಹಾವನ್ನು ಹಗ್ಗವೆಂದು ಸೊಂಟಕ್ಕೆ ಸುತ್ತಿಕೊಂಡಿದ್ದಾನೆ. ಎಲ್ಲೋ ಮೇಲೆ ನ್ಯೂಟ್ರಲ್ ಕಡಿದರೆ ಆ ತುಂಡು ವೈರಿನ ಮೂಲಕ ಕಾರಿನ ಇಡೀ ಮೈಗೆ 230 ವೋಲ್ಟ್ ಹರಿಯುತ್ತದೆ. ಆಗ ಬಾಗಿಲ ಹಿಡಿಗೆ ಕೈಯಿಟ್ಟವನಿಗೆ ಆಗುವುದು ಬ್ರಹ್ಮಸಾಕ್ಷಾತ್ಕಾರವೇ ಇರಬಹುದು, ವಾಪಸು ಬಂದು ಹೇಳುವವರಿಲ್ಲ. ಲೈನಿನಲ್ಲಿ 30 ಮಿಲಿಆಂಪ್ ಸೋರಿಕೆಗೇ ಕಡಿಯುವ ಆರ್‌ಸಿಸಿಬಿ ಇದ್ದರೆ ಅದು ಈ ಲೂಪನ್ನು ಸಹಿಸದೆ ಮತ್ತೆ ಮತ್ತೆ ಬೀಳಲೂಬಹುದು. ಅದಕ್ಕೂ ಪರಿಹಾರವಿದೆ, ಆರ್‌ಸಿಸಿಬಿಯನ್ನೇ ಕಿತ್ತುಹಾಕುವುದು! ಸಿದ್ಧಾಂತ ಇಷ್ಟು: ಗುಂಡಿ ತೋಡಿ, ಅರ್ಥಿಂಗ್ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಬಕೆಟ್ ನೀರಿನ ಅಭಿಷೇಕವಾಗಲಿ. ನಾನು ಬಲ್ಲಂತೆ, ಪೂಜೆ ಮಾಡಿದವರಿಗೆ ಮೀಟರಿನಲ್ಲಿ ಫಲ ಕಾಣುವುದು ಇದೊಂದರಲ್ಲೇ.

ಗೃಹಜ್ಯೋತಿ ಪ್ರಕರಣ ಚಿಕ್ಕದು. 2023ರಿಂದ 200 ಯೂನಿಟ್ ಒಳಗಿನ ಮನೆಗಳಿಗೆ, ಹಿಂದಿನ ಸರಾಸರಿಯ ಲೆಕ್ಕದಲ್ಲಿ, ಕರೆಂಟು ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೇಲೆ ಹೇಳಿದ 40 ಕಿಲೋಮೀಟರಿನ ಕಾರು ತಿಂಗಳಿಗೆ ತಾನೊಂದೇ ಸುಮಾರು 200 ಯೂನಿಟ್ ಉಣ್ಣುತ್ತದೆ. ಕಾರಿಗೆ ಊಟ ಹಾಕಿದರೆ ಮನೆಯ ಜ್ಯೋತಿ ಹೋಯಿತು, ಮನೆಯ ಜ್ಯೋತಿ ಉಳಿಸಿದರೆ ಕಾರು ನಿಂತಿತು. ಕೆಇಆರ್‌ಸಿ ದರಪಟ್ಟಿಯಲ್ಲಿ ವಿದ್ಯುತ್ ವಾಹನಕ್ಕೆಂದೇ ಪ್ರತ್ಯೇಕ ವರ್ಗವಿದೆ, ಬೇರೆ ಮೀಟರ್ ಹಾಕಿಸಿಕೊಳ್ಳುವುದೇ ಜಾಣತನ. ಮೀಟರ್ ಬೋರ್ಡಿನಲ್ಲಿ ಜಾಗವಿದ್ದರೆ.

ಕೊನೆಯದು ಅರ್ಥಾಪತ್ತಿ ಪ್ರಕರಣ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ಇತ್ತೀಚಿನ ಸಂಶೋಧನೆಯಂತೆ ದೇವದತ್ತ ಬಿ ಬ್ಲಾಕಿನಲ್ಲಿ ವಾಸಿಸುತ್ತಾನೆ. ಅವನ ಕಾರನ್ನು ಹಗಲು ಚಾರ್ಜಿಗೆ ಹಾಕಿದ್ದನ್ನು ಯಾರೂ ಕಂಡಿಲ್ಲ. ಅವನ ಪಾರ್ಕಿಂಗಿನಲ್ಲಿ ಡಬ್ಬಿಯಿಲ್ಲ. ಆದರೂ ದಿನಾ ಬೆಳಿಗ್ಗೆ ಕಾರು ತುಂಬಿ ತುಳುಕುತ್ತಿರುತ್ತದೆ. ಬೇಸ್‌ಮೆಂಟಿನಲ್ಲಿ, ಕಸ ಗುಡಿಸುವ ಯಂತ್ರಕ್ಕೆಂದು ಬಿಲ್ಡರ್ ಕೊಟ್ಟ ಒಂದು ಸಾಕೆಟ್ಟಿದೆ. ಅದರ ಲೆಕ್ಕ ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಕಾಮನ್ ಮೀಟರಿಗೆ ಬೀಳುತ್ತದೆ. ಕಾಮನ್ ಬಿಲ್ಲು ಏರಿದೆ. ಮಿಕ್ಕಿದ್ದನ್ನು ವಾಚಕರು ಊಹಿಸಬಲ್ಲರು.

ಅಸೋಸಿಯೇಷನ್ ಸಭೆಯಲ್ಲಿ ದೇವದತ್ತ ಬಾಯಿ ಬಿಟ್ಟದ್ದೇ ಶಬ್ದ ಪ್ರಮಾಣದಿಂದ. ‘ವಾಹನ ಚಾರ್ಜ್ ಮಾಡಲು ಲೈಸೆನ್ಸ್ ಬೇಡ ಅಂತ ಕೇಂದ್ರ ಇಂಧನ ಸಚಿವಾಲಯವೇ 2018ರಲ್ಲಿ ಹೇಳಿದೆ.’ ಹೇಳಿದ್ದು ನಿಜ. ಚಾರ್ಜಿಂಗ್ ಎಂಬುದು ಸೇವೆ, ವಿದ್ಯುತ್ ಮಾರಾಟವಲ್ಲ ಎಂಬ ಅರ್ಥದಲ್ಲಿ. ‘ಲೈಸೆನ್ಸ್ ಬೇಡ ರೀ, ಎನ್‌ಒಸಿ ಬೇಕು’ ಎಂದು ಖಜಾಂಚಿ ಉತ್ತರಪಕ್ಷ ಮಂಡಿಸಿದರು. ಎ ಬ್ಲಾಕಿನ ಹಿರಿಯರೊಬ್ಬರು, ಕಾರನ್ನು ಮನೆಯ ಯುಪಿಎಸ್‌ಗೆ ಹಾಕಿದರೆ ಬಿಲ್ಲೇ ಬರುವುದಿಲ್ಲವಲ್ಲ ಎಂದು ಹೊಸ ದರ್ಶನವೊಂದನ್ನು ಸ್ಥಾಪಿಸಿದರು. ಯುಪಿಎಸ್ ಬ್ಯಾಟರಿಯೊಳಗೆ ಇರುವುದೇ 2 ಯೂನಿಟ್ಟಿಗೂ ಕಡಿಮೆ ಎಂದು ಯಾರೋ ಹೇಳುವಷ್ಟರಲ್ಲಿ ಬೋಂಡ ಬಂತು. ಬೋಂಡದ ನಂತರ ಆದ ತೀರ್ಮಾನ: ಚಾರ್ಜಿಂಗ್ ಬೇಕೆನ್ನುವವರು ತಮ್ಮ ಖರ್ಚಿನಲ್ಲಿ ಸಬ್ ಮೀಟರ್ ಹಾಕಿಸಿಕೊಳ್ಳಬೇಕು, ಅಲ್ಲಿಯತನಕ ಬೇಸ್‌ಮೆಂಟ್ ಸಾಕೆಟ್ಟಿಗೆ ಬೀಗ. ದೇವದತ್ತ ತಕರಾರಿಲ್ಲದೆ ಸಹಿ ಹಾಕಿದ. ಬೀಗ ಸ್ವಲ್ಪ ಅತಿಯಾಯಿತು ಎಂದವರು ಕಾರ್ಯದರ್ಶಿಯವರೊಬ್ಬರೇ. ಅವರ ಮಗ ಹೋದ ತಿಂಗಳು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದಾನೆ. ಅದನ್ನೂ ಹಗಲು ಚಾರ್ಜಿಗೆ ಹಾಕಿದ್ದನ್ನು ಯಾರೂ ಕಂಡಿಲ್ಲ.