ಥರ್ಟಿ ಫಾರ್ಟಿ ಪದವೀಧರ

ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ರಿಯಲ್ ಎಸ್ಟೇಟ್ ಎಂ.ಎಸ್. ಓದಿಕೊಂಡು ಬಂದ. ಅವನನ್ನು ಓದಿಸಲು ಅಕ್ಕ ಮಾರಿದ್ದು ಕೆಂಗೇರಿ ಹತ್ತಿರದ ಥರ್ಟಿ ಫಾರ್ಟಿ ಸೈಟನ್ನು. ಮನೆಯಲ್ಲಿದ್ದ ಒಂದೇ ಒಂದು ರಿಯಲ್ ಎಸ್ಟೇಟು ಹೋಗಿ, ಅದರ ಜಾಗದಲ್ಲಿ ರಿಯಲ್ ಎಸ್ಟೇಟಿನ ಸರ್ಟಿಫಿಕೇಟು ಬಂದು ಕೂತಿದೆ. ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಬಿಟ್ಟಿದ್ದಾರೆ. ವಾಸ್ತು ಪ್ರಕಾರ, ಈಶಾನ್ಯಕ್ಕೆ.

ಸೈಟು ಮಾರಿಸಿಕೊಟ್ಟವನು ಬೀದಿ ತುದಿಯ ಟೀ ಅಂಗಡಿಯನ್ನೇ ಆಫೀಸು ಮಾಡಿಕೊಂಡಿರುವ ಬ್ರೋಕರಣ್ಣ. "ಬಿ ಖಾತಾ ಅಕ್ಕಾ, ಬ್ಯಾಂಕಿನವ್ರು ಮೂಸೂ ನೋಡಲ್ಲ. ಮೆಟ್ರೋ ನಂಬ್ಕೊಂಡು ಕೂತ್ಕೋಬೇಡಿ" ಎಂದಿದ್ದ. ಕಂಬ ಎದ್ದಿದೆಯಲ್ಲಪ್ಪಾ ಎಂದರೆ, "ಕಂಬ ಏಳೋದು ಬೇರೆ, ರೈಲು ಬರೋದು ಬೇರೆ. ಹುಡುಗನ ವಿದ್ಯೆ ಮುಖ್ಯ ಅಲ್ವಾ?" ಪಾರ್ಟಿಯನ್ನೂ ಅವನೇ ಕರೆತಂದ. ಇದು 2019ರ ಮಾತು. 2021ರಲ್ಲಿ ಹುಡುಗ ವಾಪಸು ಬಂದ. ಅದೇ ವರ್ಷ ಆಗಸ್ಟಿನಲ್ಲಿ ಮೆಟ್ರೋನೂ ಕೆಂಗೇರಿಗೆ ಬಂತು.

ರಿಯಲ್ ಎಸ್ಟೇಟಿಗೂ ಒಂದು ಓದು ಇದೆಯೇ ಎಂದು ಹುಬ್ಬೇರಿಸಬೇಡಿ. ಎಂಐಟಿಯಂಥ ಎಂಐಟಿಯೇ 1980ರ ದಶಕದಲ್ಲಿ ಇದಕ್ಕೊಂದು ಸ್ನಾತಕೋತ್ತರ ಪದವಿ ಶುರು ಮಾಡಿದೆ. ಇಂಥ ಕೋರ್ಸಿಗೆ ಸೇರುವವರಲ್ಲಿ ಬಹಳ ಮಂದಿ ಆಗಲೇ ಕಟ್ಟಡ ಕಟ್ಟಿಯೋ, ಕಟ್ಟುವವರಿಗೆ ಸಾಲ ಕೊಟ್ಟೋ ಕೈ ಪಳಗಿದವರು. ನಮ್ಮವನು ಕಟ್ಟಿದ್ದು ಫೀಸು ಮಾತ್ರ. ಆದರೂ ಅರ್ಜಿಯಲ್ಲಿ 'ಅನುಭವ' ಎಂಬ ಕಲಂ ಖಾಲಿ ಬಿಟ್ಟಿರಲಿಲ್ಲ. ಚಾಮರಾಜಪೇಟೆಯ ವಠಾರದಲ್ಲಿ ಬೆಳೆದದ್ದನ್ನು 'ಹೈ ಡೆನ್ಸಿಟಿ ಹೌಸಿಂಗ್ ಕುರಿತು ದೀರ್ಘಕಾಲದ ಅವಲೋಕನ' ಎಂದೂ, ನೀರಿನ ಸರದಿಗಾಗಿ ನಡೆಯುತ್ತಿದ್ದ ಜಗಳವನ್ನು 'ಕಾಮನ್ ಏರಿಯಾ ಮ್ಯಾನೇಜ್‌ಮೆಂಟ್' ಎಂದೂ ಬರೆದಿದ್ದ. ಸುಳ್ಳೇನಲ್ಲ ಬಿಡಿ.

ಬಂದ ಮೇಲೆ ಕೆಲಸ ಹುಡುಕಿದ. ಹೋದಲ್ಲೆಲ್ಲ ಓದನ್ನು ಮೆಚ್ಚಿದರು, ಅನುಭವ ಕೇಳಿದರು. ಕೊನೆಗೆ ನಾನೇ ಅವನನ್ನು ಟೀ ಅಂಗಡಿಗೆ ಕರೆದೊಯ್ದೆ. ನಿಜವಾದ ವೈವಾ ನಡೆದದ್ದು ಅಲ್ಲಿ.

"ಏನೇನು ಕಲ್ತಿದೀರಾ ಸಾರ್?" ಬ್ರೋಕರಣ್ಣನ ದನಿಯಲ್ಲಿ ವಿನಯವಿತ್ತು.

"ಡಿಸ್ಕೌಂಟೆಡ್ ಕ್ಯಾಶ್ ಫ್ಲೋ."

"ಅದಾ! ಕ್ಯಾಶ್ ಕೊಟ್ರೆ ಡಿಸ್ಕೌಂಟು. ನಮ್ಮಲ್ಲೂ ಅದೇ. ಗೈಡೆನ್ಸ್ ವ್ಯಾಲ್ಯೂ ಎಷ್ಟಿದೆಯೋ ಅಷ್ಟು ಚೆಕ್ಕು, ಮಿಕ್ಕಿದ್ದು ಫ್ಲೋ."

ಹುಡುಗ ತಬ್ಬಿಬ್ಬಾದ. ಬ್ರೋಕರಣ್ಣ ಜೇಬಿನಿಂದ ಮಡಚಿ ಮಡಚಿ ಮೆತ್ತಗಾಗಿದ್ದ ಪಹಣಿ ತೆಗೆದ. "ಇಪ್ಪತ್ತೆಂಟು ಗುಂಟೆ. ಅದ್ರಲ್ಲಿ ಮೂರು ಗುಂಟೆ ಬಿ ಖರಾಬು. ಏನು ಮಾಡ್ತೀರಾ?" ಗ್ರೇಡ್ ಎ, ಗ್ರೇಡ್ ಬಿ ಆಫೀಸುಗಳ ಬಗ್ಗೆ ಓದಿದ್ದ ನಮ್ಮವನು, ಚೂರು ರಿನೋವೇಷನ್ ಮಾಡಿದರೆ ಎ ದರ್ಜೆಗೆ ಏರಿಸಬಹುದು ಎಂದುಬಿಟ್ಟ. ಬಿ ಖರಾಬೆಂದರೆ ದಾರಿ, ಹಳ್ಳ, ಕೆರೆ ಎಂದು ಸಾರ್ವಜನಿಕರಿಗೆ ಬಿಟ್ಟ ನೆಲ. ಅದನ್ನು ರಿನೋವೇಟ್ ಮಾಡುವವರು ಈ ಊರಲ್ಲಿ ಇಲ್ಲವೆಂದೇನಲ್ಲ, ಆದರೆ ಅದಕ್ಕೆ ಆ ಹೆಸರಿಲ್ಲ.

"ಜಮೀನು ಎಸ್ಸಿ ಎಸ್ಟಿಯವ್ರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ಮೊದಲು ನೋಡ್ಬೇಕು. 1978ರ ಪಿಟಿಸಿಎಲ್ ಕಾಯ್ದೆ ಇದೆ, ಎಷ್ಟು ಕೈ ಬದಲಾದ್ರೂ ಮೂಲ ಮಂಜೂರಿದಾರರಿಗೇ ವಾಪಸ್ ಹೋಗಬಹುದು. ಆಮೇಲೆ ವಂಶವೃಕ್ಷ. ಅಕ್ಕತಂಗೀರ ಸೈನ್ ಆಗಿದ್ಯಾ? 2005ರಿಂದ ಹೆಣ್ಣುಮಕ್ಕಳಿಗೂ ಸಮಪಾಲು. ಜಿಪಿಎ ಮೇಲೆ ಕೊಡ್ತೀನಿ ಅಂದ್ರೆ ಎದ್ದು ಬಂದ್ಬಿಡಿ, ಅದು ಕ್ರಯ ಅಲ್ಲ ಅಂತ ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ." ಎಸ್ಸೆಸ್ಸೆಲ್ಸಿ ಫೇಲಾದವನ ಬಾಯಲ್ಲಿ ಒಂದು ಸೆಮಿಸ್ಟರು ಒಂದೇ ಉಸಿರಿಗೆ ಹರಿಯಿತು. ಹುಡುಗ ನೋಟ್ಸ್ ಬರೆದುಕೊಂಡ. ವಂಶವೃಕ್ಷದ ಮುಂದೆ 'ಸ್ಟೇಕ್‌ಹೋಲ್ಡರ್ ಮ್ಯಾಪಿಂಗ್' ಎಂದು ಬರೆದದ್ದನ್ನು ಕಂಡೆ.

ಹಾಗಂತ ನಾನು ಅನುಭವದ ಭಕ್ತನೂ ಅಲ್ಲ. ಈ ಊರನ್ನು ಕಟ್ಟಿದ್ದೆಲ್ಲ ಅನುಭವವೇ. ಧರ್ಮಾಂಬುಧಿ ಕೆರೆ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಈಗ ಹಾಕಿ ಆಡುತ್ತಾರೆ. ಇವನ್ನು ಮಾಡಿದ್ದು ಬ್ರೋಕರುಗಳಲ್ಲ, ಸರ್ಕಾರವೇ. ದೊಡ್ಡವರು ಹಾಕಿಕೊಟ್ಟ ದಾರಿಯಲ್ಲಿ ಚಿಕ್ಕವರು ರಾಜಕಾಲುವೆಯನ್ನು ನುಂಗಿದರು. 2022ರ ಸೆಪ್ಟೆಂಬರಿನ ನೆರೆಯಲ್ಲಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಲ್ಲ? 'ಲೇಕ್ ವ್ಯೂ' ಎಂದು ದುಡ್ಡು ಕೊಟ್ಟವರ ಮನೆಗೆ ಕೆರೆಯೇ ಬಂದು ವ್ಯೂ ನೋಡಿಕೊಂಡು ಹೋಯಿತು. ನಮ್ಮ ಹುಡುಗನ ಎಕ್ಸೆಲ್ ಶೀಟಿನಿಂದ ಇದುವರೆಗೆ ಒಂದು ಕುಂಟೆಯೂ ಮುಚ್ಚಿಲ್ಲ. ಅನನುಭವದ ದೊಡ್ಡ ಗುಣ ಅದು.

2016ರ ರೇರಾ ಕಾಯ್ದೆಯಾದರೂ ಏಜೆಂಟನಿಂದ ಕೇಳುವುದು ನೋಂದಣಿಯನ್ನು, ಪದವಿಯನ್ನಲ್ಲ. ಐನೂರು ಚದರ ಮೀಟರಿನೊಳಗಿನ ಜಾಗವಾದರೆ ಪ್ರಾಜೆಕ್ಟಿಗೆ ನೋಂದಣಿಯೂ ಬೇಡ.

ಅಂತೂ ಹುಡುಗನಿಗೆ ಒಂದು ಸಲಹಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ರಿಪೋರ್ಟು, ಊರಿನ ಪಶ್ಚಿಮ ಭಾಗದ ಜಾಗಗಳ ಮೇಲೆ. ಮೂರು ತಿಂಗಳು ದುಡಿದು ನಲವತ್ತು ಪುಟ ಬರೆದ. ತೀರ್ಮಾನ: ಕೆಂಗೇರಿಯ ಸುತ್ತಮುತ್ತ ನಿವೇಶನವಿದ್ದವರು ಯಾವ ಕಾರಣಕ್ಕೂ ಮಾರಬಾರದು. ಅಕ್ಕ ಅದನ್ನು ಓದಿಸಿ ಕೇಳಿದಳು. ಏನೂ ಅನ್ನಲಿಲ್ಲ. ಎದ್ದು ಹೋಗಿ ಸರ್ಟಿಫಿಕೇಟಿನ ಗಾಜಿನ ಮೇಲಿನ ಧೂಳು ಒರೆಸಿದಳು.

ಮರುದಿನ ರಿಪೋರ್ಟನ್ನು ಬ್ರೋಕರಣ್ಣನಿಗೂ ತೋರಿಸಿದೆವು. ಬಣ್ಣಬಣ್ಣದ ಗ್ರಾಫುಗಳ ಮೇಲೆ ಬೆರಳಾಡಿಸುತ್ತ, "ಸರಿಯಾಗೇ ಬರ್ದಿದೀರಾ ಸಾರ್, ಓದಿದೋರು ಓದಿದೋರೇ" ಎಂದ.

"ಅಲ್ಲಪ್ಪಾ, ನಮ್ಮಕ್ಕನ ಆ ಸೈಟು ಈಗ ಯಾರ ಹತ್ರ ಇದೆ?" ಎಂದು ಕೇಳಿದೆ.

ಬ್ರೋಕರಣ್ಣ ಮಾತಾಡಲಿಲ್ಲ. ಎದ್ದುಹೋಗಿ ಮೂವರ ಟೀ ದುಡ್ಡನ್ನೂ ತಾನೇ ಕೊಟ್ಟ. ಇಷ್ಟು ವರ್ಷಗಳಲ್ಲಿ ಅವನು ಟೀ ದುಡ್ಡು ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.