ಓದುಗ-ಸಾಪೇಕ್ಷ ಲೇಖನ ಸಂಕಥನದ ತಾತ್ವಿಕ ನೆಲೆಗಳು: ಒಂದು ಪೂರ್ವಭಾವಿ ಮರುಚಿಂತನೆ

ಯಾವುದೇ ಬರವಣಿಗೆಯು ಬರೆಯುವವರ ಮತ್ತು ಓದುವವರ ನಡುವಿನ ಒಂದು ಅನುಸಂಧಾನ. ಈ ಅನುಸಂಧಾನವು ಪಠ್ಯದ ನೆಲೆಯಲ್ಲಿ ಸಂಕಥನವಾಗಿಯೂ, ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗಿಯೂ, ಮುಖಾಮುಖಿಯ ನೆಲೆಯಲ್ಲಿ ಮರಳಿ ಅನುಸಂಧಾನವಾಗಿಯೂ ಪಲ್ಲಟಗೊಳ್ಳುತ್ತದೆ. (ಇಷ್ಟು ನೆಲೆ ಹತ್ತಿದವರು ಹೊರಟಲ್ಲಿಗೇ ಬಂದು ಇಳಿಯುತ್ತಾರೆ, ಇದಕ್ಕೆ ಸೈದ್ಧಾಂತಿಕ ಚೌಕಟ್ಟು ಎಂದು ಹೆಸರು.) ಯಾರಿಗೆ ಹೇಗೆ ಬರೆಯಬೇಕೆಂಬುದನ್ನು ಮನುಷ್ಯ ಎಲ್ಲಿ ಕಲಿಯುತ್ತಾನೆ ಎಂಬುದನ್ನು ಈ ಚೌಕಟ್ಟಿನೊಳಗಿಟ್ಟು ಶೋಧಿಸುವುದು ಪ್ರಸ್ತುತ ಪ್ರಬಂಧದ ಆಶಯ.

ಓದುಗರಲ್ಲಿ ಏಳು ವಿಧ. ಮೊದಲನೆಯವನು ಅಂಕದ ಓದುಗ. ಉತ್ತರಪತ್ರಿಕೆಯನ್ನು ಓದುವುದಿಲ್ಲ, ಪುಟ ಎಣಿಸುತ್ತಾನೆ. ಎರಡನೆಯವನು ಬಡ್ತಿಯ ಓದುಗ. 2010ರಲ್ಲಿ ಯುಜಿಸಿ ಅಧ್ಯಾಪಕರ ಬರಹಗಳಿಗೆ ಎಪಿಐ ಎಂಬ ಲೆಕ್ಕ ಗೊತ್ತುಮಾಡಿದ ಮೇಲೆ ಹುಲುಸಾಗಿ ಬೆಳೆದ ಪ್ರಭೇದವಿದು. ಪುಸ್ತಕವನ್ನು ಕೈಗೆತ್ತಿಕೊಂಡರೆ ಮೊದಲು ಮಗುಚಿ ಐಎಸ್‌ಬಿಎನ್ ನೋಡುತ್ತದೆ. ಮೂರನೆಯವನು ವಿಚಾರ ಸಂಕಿರಣದ ಓದುಗ, ಅಂದರೆ ತನ್ನದನ್ನು ಗಟ್ಟಿಯಾಗಿ ಓದುವವನು. ಓದಿ ಮುಗಿದೊಡನೆ ಊಟದ ಕೂಪನ್ ಹಿಡಿದು ಹೊರಡುತ್ತಾನೆ. ನಾಲ್ಕನೆಯ ವಿಧವನ್ನು ಉಪಪ್ರಭೇದ ‘ಅ’ ಮತ್ತು ‘ಆ’ ಎಂದು ಒಡೆಯಬೇಕಿತ್ತು. ಬಿಡಿ, ನನಗೇ ಸಾಕಾಯಿತು.

ಪೂರ್ವಸೂರಿಗಳ ಸಮೀಕ್ಷೆ. ಕನ್ನಡದೊಳಗೆ ಸಂಸ್ಕೃತ ತುರುಕುವವರನ್ನು ನಯಸೇನ 1112ರಲ್ಲೇ ‘ಧರ್ಮಾಮೃತ’ದಲ್ಲಿ ಗೇಲಿಮಾಡಿದ. ಮುದ್ದಣನಂತೂ ‘ಶ್ರೀರಾಮಾಶ್ವಮೇಧಂ’ನಲ್ಲಿ ಕೇಳುವವಳನ್ನು ಕೃತಿಯೊಳಗೇ ತಂದು ಕೂರಿಸಿದ; ಗಂಡನ ಸಂಸ್ಕೃತ ಸೊಕ್ಕಿದರೆ ಮನೋರಮೆ ಅಲ್ಲೇ ತಡೆಯುತ್ತಾಳೆ. ನಮ್ಮ ಸಂಕಿರಣಗಳ ಮುಂದಿನ ಸಾಲಿನಲ್ಲಿ ಅಂಥ ಒಬ್ಬಳಿದ್ದಿದ್ದರೆ ಬೆಳಗಿನ ಗೋಷ್ಠಿ ಕಾಫಿಗೆ ಮುಂಚೆಯೇ ಮುಗಿಯುತ್ತಿತ್ತು. ಜಿ.ಪಿ. ರಾಜರತ್ನಂ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ಕೈಯಲ್ಲೇ ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದರು, ಕುಡುಕ ರತ್ನನಿಗೆ ಅವನದೇ ನಾಲಿಗೆ ಕೊಟ್ಟರು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಸಂಶೋಧನೆಯನ್ನು ಅದರ ಪಂಡಿತರಿಗೆ ಬರೆದು, ಗಿಡಮರಗಳ ಕಥೆಯನ್ನು ‘ಹಸುರು ಹೊನ್ನು’ ಮಾಡಿ ನಮಗೆ ಕೊಟ್ಟರು. ಇಬ್ಬರಿಗೂ ವಿಧಾನಶಾಸ್ತ್ರೀಯ ಸ್ಪಷ್ಟತೆ ಇರಲಿಲ್ಲವೆಂದು ಖೇದದಿಂದ ದಾಖಲಿಸಬೇಕಾಗಿದೆ. ನಾಯಿಮರಿಗೆ ಬಡ್ತಿಯ ಅಂಕ ಬೀಳುವುದಿಲ್ಲ.

ಕ್ಷೇತ್ರಕಾರ್ಯ. ತಾಲ್ಲೂಕು ಕಚೇರಿಯ ಹೊರಗೆ, ಮರದಡಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರು ಕೂತಿರುತ್ತಾರೆ. ವಿಧವಾ ವೇತನಕ್ಕೆ ಅರ್ಜಿ ಹಾಕಿದ ಹೆಂಗಸಿನ ಕೈಗೆ ಒಳಗಿನಿಂದ ಹಿಂಬರಹ ಬರುತ್ತದೆ: ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ಪೂರಕ ದಾಖಲೆಗಳನ್ನು ಲಗತ್ತಿಸದೇ ಇರುವುದು ಕಂಡುಬಂದಿರುವ ಹಿನ್ನೆಲೆಯಲ್ಲಿ ವಿಲೇಗೊಳಿಸಲಾಗಿದೆ.’ ಯಾವ ದಾಖಲೆ? ಹೇಳಿಲ್ಲ. ಪರಿಶೀಲಿಸಿದವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಅವಳಿಗೆ ಓದಲು ಬರುವುದಿಲ್ಲ, ಬಂದಿದ್ದರೂ ತಿಳಿಯುತ್ತಿರಲಿಲ್ಲ. ಮೇಜಿನವರು ಅದನ್ನೊಮ್ಮೆ ನೋಡಿ, ಏನೇನು ಕೊಟ್ಟಿದ್ದೆ ಎಂದು ಕೇಳಿ, ‘ನಿಮ್ಮೆಜಮಾನ್ರ ಡೆತ್ ಸರ್ಟಿಫಿಕೇಟ್ ಇಟ್ಟಿಲ್ಲ ಕಣಮ್ಮ, ತಂದ್ಕೊಡು’ ಅನ್ನುತ್ತಾರೆ. ಆಮೇಲೆ ತಹಶೀಲ್ದಾರರ ‘ಅವಗಾಹನೆಗೆ’ ಹೊಸ ಅರ್ಜಿ ಶುರುಮಾಡುತ್ತಾರೆ. ಆಚೆಯ ಮಾತೂ ಬಲ್ಲವರು, ಈಚೆಯ ಮಾತೂ ಬಲ್ಲವರು. ನಾನು ಕೂತೆದ್ದ ಯಾವ ಸಂಕಿರಣಕ್ಕೂ ಇವರನ್ನು ಕರೆದದ್ದು ನೋಡಲಿಲ್ಲ.

ಜನಕ್ಕೆ ತಿಳಿಯಲಿ ಅಂತಲ್ಲವೇ 1963ರಲ್ಲಿ ಅಧಿಕೃತ ಭಾಷಾ ಕಾಯ್ದೆ ಮಾಡಿ ಕಡತಕ್ಕೆ ಕನ್ನಡ ತಂದದ್ದು? ಕನ್ನಡವೇನೋ ಬಂತು. ಮೇಜಿನವರು ಒಂದೇ ಉಸಿರಿನಲ್ಲಿ ಅಂದ ಮಾತನ್ನು ಒಳಗಿನವರು ಮೊದಲೇ ಬರೆದಿದ್ದರೆ ಅವಳಿಗೆ ಬಸ್ ಚಾರ್ಜು, ಬರೆಸಿದ ದುಡ್ಡು, ಆ ದಿನದ ಕೂಲಿ ಎಲ್ಲ ಉಳಿಯುತ್ತಿತ್ತು. ಹಾಗೆ ಬರೆಯಬಾರದೆಂದು ಯಾವ ನಿಯಮವೂ ಇಲ್ಲ. ಆದರೆ ಹಿಂಬರಹ ಬರೆದ ಗುಮಾಸ್ತ ಹುಟ್ಟಾ ಹಾಗೆ ಬರೆಯುತ್ತಿದ್ದವನಲ್ಲ. ಅವನೂ ನಮ್ಮ ಬೆಂಚುಗಳ ಮೇಲೆ ಕೂತು ಕಲಿತವನೇ. ಪತ್ರಲೇಖನದ ಪ್ರಶ್ನೆಯಲ್ಲಿ ಪೂರ್ತಿ ಅಂಕ ತೆಗೆದಿರುತ್ತಾನೆ.